ಮೂರು ರಿಯಾಯಿತಿ ಒಟ್ಟಿಗೆ ಬಿದ್ದರೆ ಅಸಲಿಗೇ ಕತ್ತರಿ

ಪ್ರಶ್ನೆ: ನಮ್ಮದು ಸಗಟು ವ್ಯಾಪಾರ. ಹಳೇ ಗ್ರಾಹಕರಿಗೆ ಒಂದು ದರ, ಜಾಸ್ತಿ ಮಾಲು ಎತ್ತುವವರಿಗೆ ಇನ್ನೊಂದು, ನಡುವೆ ಸೀಸನ್ ಆಫರ್. ಮೊದಲು ಬಿಲ್ ಮಾಡುವವರೇ ನೆನಪಿನಿಂದ ಡಿಸ್ಕೌಂಟ್ ಹಾಕುತ್ತಿದ್ದರು. ಈಗ ಸಾಫ್ಟ್‌ವೇರ್ ಹಾಕುತ್ತದೆ. ಆದರೆ ಕೆಲವು ಬಿಲ್‌ಗಳಲ್ಲಿ ದರ ಅಸಲಿಗಿಂತ ಕೆಳಗೆ ಹೋಗಿದೆ. ಎಲ್ಲಿ ಎಡವಿದ್ದೇವೆ?

ಉತ್ತರ: ನಿಮ್ಮ ರೂಲ್‌ಗಳು ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇರಬಹುದು. ಒಂದೇ ಬಿಲ್‌ನಲ್ಲಿ ಎಲ್ಲವೂ ಸೇರಿದಾಗ ಏನಾಗಬೇಕು ಅಂತ ಯಾರೂ ತೀರ್ಮಾನಿಸಿಲ್ಲ, ಅಷ್ಟೇ.

ಬಿಲ್‌ನ ಒಂದು ಸಾಲು, ಅಂದರೆ ಒಂದು ಮಾಲಿನ ಲೆಕ್ಕ, ಬಿಡಿಸಿ ನೋಡೋಣ. ಪಟ್ಟಿ ದರ 100, ಅಸಲು 80. ಹಳೇ ಗ್ರಾಹಕರಿಗೆ ಶೇ. 10 ಬಿಟ್ಟರೆ 90. ಹೆಚ್ಚು ಖರೀದಿಗೆ ಮತ್ತೆ ಶೇ. 10 ಹೋದರೆ 81. ಇಲ್ಲಿವರೆಗೂ ಕೈಯಲ್ಲಿ 1 ಉಳಿದಿದೆ. ಸೀಸನ್ ಆಫರ್‌ನ ಶೇ. 5 ಬಿದ್ದ ಕೂಡಲೇ 76.95! ಮೂರನ್ನೂ ಕೂಡಿ ಒಟ್ಟಿಗೆ ಶೇ. 25 ಕಳೆದರೆ ಇನ್ನೂ ಕಡಿಮೆ, 75. ಒಂದರ ಮೇಲೊಂದು ಕಳೆಯಬೇಕೋ, ಕೂಡಿಸಿ ಕಳೆಯಬೇಕೋ, ಅಥವಾ ಒಂದೇ ರಿಯಾಯಿತಿ ಕೊಡಬೇಕೋ? ಇದನ್ನು ಮಾಲೀಕರು ಹೇಳಬೇಕು. ಸಾಫ್ಟ್‌ವೇರ್ ಸುಮ್ನೆ ಲೆಕ್ಕ ಮಾಡುತ್ತದೆ.

ನನ್ನ ಸಲಹೆ: ಒಂದು ಸಾಲಿಗೆ ಒಂದೇ ರಿಯಾಯಿತಿ. ಯಾವುದು ಗೆಲ್ಲಬೇಕು? ಆ ಗ್ರಾಹಕರಿಗೆ ಆ ಮಾಲಿನ ಮೇಲೆ ಒಪ್ಪಿಕೊಂಡ ದರವಿದ್ದರೆ ಅದೇ ಮೊದಲು. ಇಲ್ಲದಿದ್ದರೆ ಗ್ರಾಹಕರ ಗುಂಪಿನ ದರ. ಅದೂ ಇಲ್ಲದಿದ್ದರೆ ಪಟ್ಟಿ ದರ. ಇಆರ್‌ಪಿನೆಕ್ಸ್ಟ್ ಅನ್ನುವ ವ್ಯಾಪಾರದ ಸಾಫ್ಟ್‌ವೇರ್‌ನಲ್ಲಿ, ದರ-ರಿಯಾಯಿತಿ ನಿಗದಿ ಮಾಡುವ ಪ್ರೈಸಿಂಗ್ ರೂಲ್‌ನಲ್ಲಿ ಇದಕ್ಕೆಂದೇ ಪ್ರಯಾರಿಟಿ ಅಂಕಿ ಇದೆ. ಅಂಕಿ ದೊಡ್ಡದಾದಷ್ಟೂ ಆ ರೂಲ್ ಮುಂದೆ. ಹಲವು ರೂಲ್ ಒಟ್ಟಿಗೆ ಹಾಕುವ ಟಿಕ್ ಬಾಕ್ಸ್ ಕೂಡ ಅಲ್ಲೇ ಇದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅಂಥದ್ದು ಆನ್ ಆಗಿದೆಯಾ ಅಂತ ಇವತ್ತೇ ನೋಡಿ.

ಎಲ್ಲ ರೂಲ್ ಮುಗಿದ ಮೇಲೆ ಕೊನೆಯಲ್ಲಿ ಒಂದು ತಡೆ ಇರಲೇಬೇಕು. ದರ ಅಸಲಿಗಿಂತ ಕೆಳಗಿಳಿದರೆ ಬಿಲ್ ನಿಲ್ಲಬೇಕು, ಒಪ್ಪಿಗೆ ಕೊಟ್ಟವರ ಹೆಸರು, ಕಾರಣ ದಾಖಲಾಗಬೇಕು. ಹಾಗಂತ ಅಸಲಿನ ಅಂಕಿ ಹಳೆಯದಾಗಿದ್ದರೆ ತಡೆ ಇದ್ದೂ ಇಲ್ಲದಂತೆ. ಹೊಸ ಮಾಲು ಬಂದಾಗಲೆಲ್ಲ ಅದು ಬದಲಾಗುತ್ತಿರಬೇಕು.

ಆಫರ್‌ಗೆ ಮುಗಿಯುವ ತಾರೀಕು ಹಾಕಿ. ತುಂಬಾ ಜನ ಮರೆಯುವುದು ಇದನ್ನೇ. ಆರ್ಡರ್ ಕೊಟ್ಟ ದಿನದ ದರವೋ, ಮಾಲು ಕಳಿಸಿದ ದಿನದ ದರವೋ ಅನ್ನುವುದೂ ಗ್ರಾಹಕರಿಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ಸರಿಪಡಿಸಿದ ಮೇಲೆ ನೇರವಾಗಿ ಚಾಲೂ ಮಾಡಬೇಡಿ. ನಷ್ಟವಾದ ಆ ಬಿಲ್‌ಗಳನ್ನೇ ಸಾಫ್ಟ್‌ವೇರ್‌ನ ಟೆಸ್ಟ್ ಕಾಪಿಯಲ್ಲಿ ಮತ್ತೆ ಹಾಕಿ, ದರ ಎಷ್ಟು ಬರುತ್ತದೆ ನೋಡಿ.