ಕುರಿಯ ಹೊಟ್ಟೆ ಆಡ್ತಿದೆಯಾ?

ಪ್ರಶ್ನೆ: ನಮ್ಮ ಕುರಿಯೊಂದು ಮೆಕ್ಕೆಜೋಳದ ಚೀಲಕ್ಕೆ ಬಾಯಿ ಹಾಕಿ ಜಾಸ್ತಿ ತಿಂದಿದೆ, ಬೆಳಿಗ್ಗೆಯಿಂದ ಮೆಲುಕು ಹಾಕಿಲ್ಲ. ಹೊಟ್ಟೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಶಿರಾ

ಉತ್ತರ: ಮೊದಲು ಪಶುವೈದ್ಯರಿಗೆ ಫೋನ್ ಮಾಡಿ, ಆಮೇಲೆ ಮಿಕ್ಕಿದ್ದು ಓದಿ. ಕಾಳು ಜಾಸ್ತಿಯಾದರೆ ಹೊಟ್ಟೆಯೊಳಗೆ ಹುಳಿ ಏರುತ್ತದೆ, ಸ್ನಾಯು ಸುಮ್ಮನಾಗುತ್ತದೆ, ಕುರಿ ಒಂದೆರಡು ದಿನದಲ್ಲೇ ಸಾಯಬಹುದು.

ಪರೀಕ್ಷೆ ಸುಲಭ. ಎಡಗಡೆ, ಪಕ್ಕೆಲುಬು ಮುಗಿದು ಸೊಂಟದ ಮೂಳೆ ಶುರುವಾಗುವ ಮಧ್ಯೆ ಒಂದು ಗುಳಿ ಇರುತ್ತದಲ್ವಾ, ಅಲ್ಲಿ ಮುಷ್ಟಿ ಒತ್ತಿ ಹಿಡಿದು, ಗಡಿಯಾರ ನೋಡುತ್ತಾ ಎರಡು ನಿಮಿಷ ಅಲ್ಲಾಡದೆ ಕೂತುಕೊಳ್ಳಿ. ಚೆನ್ನಾಗಿರುವ ಕುರಿಯಲ್ಲಿ ನಿಮಿಷಕ್ಕೆ 1–2 ಸಲ ಒಳಗಿಂದ ಏನೋ ಉರುಳಿ ಬಂದು ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ದೂರದ ಗುಡುಗಿನಂತೆ ಕೇಳುತ್ತದೆ. ಏನೂ ಇಲ್ಲದಿದ್ದರೆ, ಅಥವಾ ಬರೀ ನೀರು ಕುಲುಕಿದ ಸದ್ದು ಬಂದರೆ, ಕಾಯಬೇಡಿ.

ಸಂಶೋಧಕರು ಹೊಟ್ಟೆಯ ಗೋಡೆಗೇ ಸಣ್ಣ ತಂತಿ ಕೂರಿಸಿ ಸ್ನಾಯುವಿನ ವಿದ್ಯುತ್ ಅಲೆಗಳನ್ನು ದಿನಗಟ್ಟಲೆ ದಾಖಲಿಸುತ್ತಾರೆ. ನಮಗೆ ಕೈ ಸಾಕು. ಆರೋಗ್ಯವಾಗಿರುವ ಕುರಿಗಳ ಮೇಲೆ ಈಗಲೇ ಅಭ್ಯಾಸ ಮಾಡಿಕೊಳ್ಳಿ, ಆಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆ ಕುರಿಗೆ ಸದ್ಯಕ್ಕೆ ಕಾಳು ಬೇಡ, ಒಣಹುಲ್ಲು ಮುಂದಿಡಿ.