ಅಕ್ಷರ ಸವೆದುಹೋದ ಈ ಬ್ರಿಟಿಷ್ ತಾಮ್ರದ ನಾಣ್ಯ ಯಾವ ದೊರೆಯದು?

ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯ ಹಾಫ್‌ಪೆನ್ನಿ, ಅಂದರೆ ಅರ್ಧ ಪೆನ್ನಿ. ಅದರ ಮೇಲಿದ್ದ ಇಸವಿ 1770ರಿಂದ 1775ರ ನಡುವಿನದಾಗಿರಬೇಕು. ನೀವು ಬರೆದಿರುವಂತೆ ನಾಣ್ಯ ತಾಮ್ರದ್ದು, ಅಡ್ಡಳತೆ ಸುಮಾರು 28 ಮಿಲಿಮೀಟರ್, ತೂಕ 8.7 ಗ್ರಾಂ, ಅಂಚು ನುಣುಪು. ಒಂದು ಬದಿಯಲ್ಲಿ ಬಲಕ್ಕೆ ಮುಖ ಮಾಡಿದ ದೊರೆಯ ತಲೆ, ಅದರ ಎಡಕ್ಕೆ ‘ಜಿ, ಐ, ವಿ, ಎಸ್’, ಬಲತುದಿಯಲ್ಲಿ ‘ಇ, ಎಕ್ಸ್’ ಎಂಬ ಇಂಗ್ಲಿಷ್ ಅಕ್ಷರಗಳು ಉಳಿದಿವೆ. ಇನ್ನೊಂದು ಬದಿಯಲ್ಲಿ ಕೋಲು ಹಿಡಿದು ಕುಳಿತ ಹೆಂಗಸು, ಅವಳ ಕೆಳಗೆ ಓದಲಾಗದ ಇಸವಿ. ಇಷ್ಟು ವಿವರ ಸಾಕಷ್ಟು ದೂರ ಕರೆದೊಯ್ಯುತ್ತದೆ.

ಇದು ಈಸ್ಟ್ ಇಂಡಿಯಾ ಕಂಪನಿಯ ನಾಣ್ಯವಿರಬಹುದೇ ಎಂದು ಕೇಳಿದ್ದೀರಿ, ಅಲ್ಲ. ಕಂಪನಿಯು ಭಾರತದಲ್ಲಿ ಚಲಾವಣೆಗೆ ತಂದ ತಾಮ್ರದ ನಾಣ್ಯಗಳಲ್ಲಿ ಸಾಮಾನ್ಯವಾಗಿ ಕಂಪನಿಯ ಲಾಂಛನ, ತಕ್ಕಡಿ ಅಥವಾ ಪರ್ಷಿಯನ್ ಬರಹ ಕಾಣುತ್ತದೆ. ಕುಳಿತ ಹೆಂಗಸು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ಚಿತ್ರಿಸಿದ ಸಂಕೇತ. ದೊರೆಯ ತಲೆಯ ಜೊತೆಗೆ ಅವಳಿದ್ದರೆ ಅದು ಬ್ರಿಟನ್ನಿನ ಸ್ವಂತ ಬಳಕೆಯ ನಾಣ್ಯವೆಂದೇ ಹಿಡಿಯಬಹುದು.

ಅಳಿದ ಅಕ್ಷರಗಳನ್ನು ಊಹಿಸುವುದಕ್ಕಿಂತ ಉಳಿದವು ಯಾವ ಯಾವ ನಾಣ್ಯಗಳನ್ನು ತಳ್ಳಿಹಾಕುತ್ತವೆ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನುಭವ. ಉಳಿದಿರುವ ನಾಲ್ಕು ಅಕ್ಷರಗಳು ಲ್ಯಾಟಿನ್ನಿನ ‘ಜಾರ್ಜಿಯಸ್’ ಎಂಬ ಹೆಸರಿನ ಕೊನೆಯವು. ಕೊನೆಯ ಎರಡು ‘ರೆಕ್ಸ್’, ಅಂದರೆ ದೊರೆ ಎಂಬ ಪದದವು. ಹೀಗಾಗಿ ಮೂರನೆಯ ವಿಲಿಯಂ ಮೊದಲಾದ ಹಿಂದಿನವರು ಹೊರಗುಳಿದರು. ಎರಡನೆಯ ಜಾರ್ಜ್ ತನ್ನ ಹಾಫ್‌ಪೆನ್ನಿಗಳಲ್ಲಿ ಎಡಕ್ಕೆ ನೋಡುತ್ತಾನೆ, ಮೊದಲನೆಯವನೂ ಮೂರನೆಯವನೂ ಬಲಕ್ಕೆ ನೋಡುತ್ತಾರೆ; ಆದ್ದರಿಂದ ಎರಡನೆಯವನೂ ಹೋದ. ಇನ್ನು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೌಲ್ಟನ್ 1797ರಿಂದ ಹೊರತಂದ ಮೂರನೆಯ ಜಾರ್ಜನ ನಾಣ್ಯಗಳಲ್ಲಿ ಹೆಸರು ‘ವಿ’ ಬದಲು ‘ಯು’ ಅಕ್ಷರದಿಂದ ಬರೆಯಲ್ಪಟ್ಟಿದೆ, ಬ್ರಿಟಾನಿಯಾಳ ಕೈಗೆ ಈಟಿಯ ಬದಲು ಮೂರು ಮೊನೆಯ ತ್ರಿಶೂಲ ಬಂದಿದೆ. ನಿಮ್ಮ ನಾಣ್ಯದಲ್ಲಿ ಸ್ಪಷ್ಟವಾಗಿ ‘ವಿ’ ಇರುವುದರಿಂದ ಅವೂ ಅಲ್ಲ. ಆ ‘ಕೋಲು’ ಈಟಿಯೇ ಇರಬೇಕು.

ಉಳಿದವರು ಇಬ್ಬರು: ಮೊದಲನೆಯ ಜಾರ್ಜ್ ಮತ್ತು ಮೂರನೆಯ ಜಾರ್ಜ್. ಇಲ್ಲಿ ಇಸವಿಯ ಒಂದೇ ಒಂದು ಅಂಕಿ ತೀರ್ಪು ಕೊಡಬಲ್ಲದು. ಮೊದಲನೆಯ ಜಾರ್ಜನ ಹಾಫ್‌ಪೆನ್ನಿಗಳು 1717ರಿಂದ 1724ರವರೆಗಿನವು; ಮೂರನೆಯವನ ಈ ಮಾದರಿಯವು 1770ರಿಂದ 1775ರವರೆಗಿನವು. ಆದ್ದರಿಂದ ಮೂರನೆಯ ಅಂಕಿ 1 ಅಥವಾ 2 ಆಗಿದ್ದರೆ ಮೊದಲನೆಯವನು, 7 ಆಗಿದ್ದರೆ ಮೂರನೆಯವನು. ಕೊನೆಯ ಅಂಕಿ ಪೂರ್ತಿ ಅಳಿದಿದ್ದರೂ ಚಿಂತೆಯಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಫೋನಿನ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬೀರುತ್ತಾ, ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು ಒಂದಲ್ಲ ಒಂದು ಕೋನದಲ್ಲಿ ನೆರಳು ಚೆಲ್ಲುತ್ತದೆ. ಹೆಸರಿಗೂ ‘ರೆಕ್ಸ್’ ಪದಕ್ಕೂ ನಡುವೆ ಮೂರು ನೇರ ಗೀಟುಗಳ ಸುಳಿವು ಸಿಕ್ಕರೂ ಸಾಕು, ಅದು ಮೂರನೆಯ ಜಾರ್ಜನ ಸಂಖ್ಯೆ. ಮೊದಲನೆಯವನ ನಾಣ್ಯದಲ್ಲಿ ಸಂಖ್ಯೆಯೇ ಇಲ್ಲ. ನಾನು ಮೂರನೆಯವನ ಕಡೆ ವಾಲಿರುವುದಕ್ಕೆ ಕಾರಣ, ಇಂದು ಕೈಗೆ ಸಿಗುವ ಸವೆದ ಹಾಫ್‌ಪೆನ್ನಿಗಳಲ್ಲಿ ಅವನವೇ ಹೆಚ್ಚು.

ತೂಕದ ಬಗ್ಗೆ ಒಂದು ಮಾತು. ಒಂದು ಪೌಂಡು ತಾಮ್ರಕ್ಕೆ 46 ಹಾಫ್‌ಪೆನ್ನಿ ಎಂಬುದು ಲಂಡನ್ ಟವರ್‌ನಲ್ಲಿದ್ದ ರಾಜ ಟಂಕಸಾಲೆಯ ಲೆಕ್ಕ. ಹಾಗಾಗಿ ಹೊಸ ನಾಣ್ಯ ಸುಮಾರು 9.9 ಗ್ರಾಂ ತೂಗಬೇಕು. ನಿಮ್ಮದರ 8.7 ಗ್ರಾಂ ಸವಕಳಿಗೆ ಹೊಂದುತ್ತದೆಯಾದರೂ, ಅಷ್ಟರಿಂದಲೇ ಅಸಲಿ ಎನ್ನಲಾಗದು. ನಾಣ್ಯದ ಮುಖಬೆಲೆ ಅದರಲ್ಲಿದ್ದ ತಾಮ್ರದ ಬೆಲೆಗಿಂತ ಬಹಳ ಹೆಚ್ಚಿದ್ದುದರಿಂದ ಆ ಕಾಲದ ಇಂಗ್ಲೆಂಡಿನಲ್ಲಿ ಖೋಟಾ ಹಾಫ್‌ಪೆನ್ನಿಗಳು ವಿಪರೀತ ಹರಡಿದ್ದವು. ಅವು ಹೆಚ್ಚಾಗಿ ಹಗುರ, ತೆಳು, ಮುಖದ ಕೆತ್ತನೆ ಒರಟು. ಕಾನೂನಿನಿಂದ ನುಣುಚಿಕೊಳ್ಳಲು ಕೆಲವರು ದೊರೆಯ ಹೆಸರಿನ ಜಾಗದಲ್ಲಿ ‘ಜಾರ್ಜ್ ರೂಲ್ಸ್’ ಎಂದೂ ‘ಬ್ರಿಟಾನಿಯಾ’ ಇರಬೇಕಾದಲ್ಲಿ ‘ಬ್ರಿಟನ್ಸ್ ಗ್ಲೋರಿ’ ಎಂದೂ ಕೆತ್ತಿದರು. ಅಂಥ ನಾಣ್ಯದ ಅಕ್ಷರಗಳು ಸವೆದಾಗ ಗುರುತಿಸುವುದು ನಿಜಕ್ಕೂ ಕಷ್ಟ. ನಿಮ್ಮದರಲ್ಲಿ ಹೆಸರಿನ ಬಾಲ ಉಳಿದಿರುವುದು ಅದೃಷ್ಟ. ಇವುಗಳನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ, ಆದ್ದರಿಂದ ಖೋಟಾ ಎಂದು ತಿಳಿದರೂ ಬಿಸಾಡಬೇಡಿ.

ನಾಣ್ಯವನ್ನು ತಿಕ್ಕಿ ತೊಳೆಯಬೇಡಿ ಎಂದು ಒತ್ತಿ ಹೇಳುತ್ತೇನೆ. ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಚ್ಚುವ ಅಭ್ಯಾಸದಿಂದ ನಮ್ಮಲ್ಲಿ ಹಲವರು ಹಳೆಯ ನಾಣ್ಯಕ್ಕೂ ಹಾಗೆಯೇ ಮಾಡುತ್ತಾರೆ. ಹುಳಿಯು ಮೇಲಿನ ಕಂದು ಪದರವನ್ನು ಕಿತ್ತುಹಾಕುತ್ತದೆ, ಆ ಪದರದಲ್ಲೇ ಉಳಿದಿದ್ದ ಅಕ್ಷರದ ಛಾಯೆಯೂ ಅದರೊಂದಿಗೆ ಹೋಗುತ್ತದೆ. ಮಣ್ಣು ಅಂಟಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು.

ಇಷ್ಟು ಸವೆದ ಹಾಫ್‌ಪೆನ್ನಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆಯಿಲ್ಲ. ಯಾರಾದರೂ ಸಾವಿರಾರು ರೂಪಾಯಿಯ ಮಾತಾಡಿದರೆ ನಂಬಬೇಡಿ. ಇಸವಿಯ ಭಾಗವನ್ನು ಎಡದಿಂದಲೂ ಬಲದಿಂದಲೂ ಓರೆ ಬೆಳಕಿನಲ್ಲಿ ಫೋಟೋ ತೆಗೆದು ಪ್ರಶ್ನೆಗೆ ಸೇರಿಸಿದರೆ, ಆ ಮೂರನೆಯ ಅಂಕಿಯನ್ನು ನಾನೂ ನೋಡಿ ಹೇಳುತ್ತೇನೆ.