ಸಂಪಾದಕರ ಉತ್ತರ: ಸಿಮರಾನ್ ಕೌಂಟಿಯ ಧೂಳು ಯಾರ ತಪ್ಪು?

ಮಾನ್ಯರೇ,

ಕಳೆದ ಸಂಚಿಕೆಯ ಚಿತ್ರವೊಂದು ತಮ್ಮ ನಿದ್ದೆಗೆಡಿಸಿದೆ ಎಂದು ಬರೆದಿದ್ದೀರಿ. ಅಮೆರಿಕದ ಒಕ್ಲಹೋಮಾ ರಾಜ್ಯದ ಸಿಮರಾನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 1936ರಲ್ಲಿ ಆರ್ಥರ್ ರಾಥ್‌ಸ್ಟೈನ್ ತೆಗೆದ ಚಿತ್ರ ಅದು. ಧೂಳುಗಾಳಿಯಲ್ಲಿ ಅಪ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದಾನೆ. ಇಬ್ಬರು ಮಕ್ಕಳಲ್ಲಿ ಚಿಕ್ಕವನು ಹಿಂದೆ ಉಳಿದು ತೋಳಿನಿಂದ ಮುಖ ಮರೆಸಿಕೊಂಡಿದ್ದಾನೆ. ಅದರ ಕೆಳಗೆ ನಾನು ‘ರೈತರೇ ತಂದುಕೊಂಡ ಆಪತ್ತು’ ಎಂದು ಬರೆದಿದ್ದೆ. ಮಳೆ ಬಾರದಿದ್ದರೆ ರೈತ ಏನು ಮಾಡಿಯಾನು, ಬರವನ್ನೂ ಅವನ ತಲೆಗೆ ಕಟ್ಟಬೇಕೆ ಎಂದು ಕೇಳಿದ್ದೀರಿ.

‘ರೈತರೇ’ ಎಂಬಲ್ಲಿನ ಆ ‘ಏ’ಕಾರ ನನ್ನ ತಪ್ಪು. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಎಲ್ಲವನ್ನೂ ಮಳೆಯ ಲೆಕ್ಕಕ್ಕೆ ಬರೆಯಲು ಒಪ್ಪಲಾರೆ.

ಸರಾಸರಿ ವರ್ಷದಲ್ಲೂ ಆ ಸೀಮೆಗೆ ಬೀಳುವುದು 18 ಇಂಚಿನ ಆಸುಪಾಸು ಮಳೆ. ಬರ ಅಲ್ಲಿಗೆ ಹೊಸದಲ್ಲ. ಆದರೆ ಆ ಬಯಲಿನ ಸಹಜ ಹುಲ್ಲಾದ ಬಫಲೋ ಹುಲ್ಲು ಮೇಲೆ ಒಣಗಿದರೂ ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಗೋಧಿಯ ಬೆಲೆ ಬುಶೆಲ್‌ಗೆ (ಸುಮಾರು 27 ಕಿಲೋ) 2 ಡಾಲರ್ ದಾಟಿತು. ಇನ್ನೂ ಬೆಳೆಯಿರಿ ಎಂದು ಸರ್ಕಾರವೇ ಹುರಿದುಂಬಿಸಿತು. ಆ ಹುಲ್ಲನ್ನು ಕಿತ್ತು ನೆಲ ಉಳುತ್ತ ಹೋದರು. ಟ್ರ್ಯಾಕ್ಟರ್ ಬಂತು, ಅದರ ಬೆನ್ನಿಗೆ ಮಣ್ಣನ್ನು ಹಿಟ್ಟಿನಂತೆ ಹುಡಿಮಾಡುವ ತಟ್ಟೆ ನೇಗಿಲು ಬಂತು. ಬಿತ್ತನೆಗೊಮ್ಮೆ ಕೊಯ್ಲಿಗೊಮ್ಮೆ ಮಾತ್ರ ಮುಖ ತೋರಿಸುವ ‘ಸೂಟ್‌ಕೇಸ್ ರೈತರು’ ಬಂದರು. 1931ರಲ್ಲಿ ಭರ್ಜರಿ ಫಸಲು ಬಂದಾಗ ಬೆಲೆ 40 ಸೆಂಟಿನ ಆಸುಪಾಸಿಗೆ ಕುಸಿಯಿತು. ಹೊರಗಿನಿಂದ ಬಂದವರಲ್ಲಿ ಅನೇಕರು ಉತ್ತ ಹೊಲವನ್ನು ಹಾಗೆಯೇ ಬಿಟ್ಟು ನಡೆದರು. ಮಳೆ ಕೈಕೊಟ್ಟದ್ದು ಆಮೇಲೆ.

ಇನ್ನು 1935. ಏಪ್ರಿಲ್ 14, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ವಾರಗಟ್ಟಲೆ ಧೂಳು ತಿಂದ ಜನರಿಗೆ ಅಂದು ತಿಳಿಯಾದ ಬೆಳಗು ಸಿಕ್ಕಿತ್ತು. ಕಿಟಕಿಗಳನ್ನು ತೆರೆದರು, ಬಟ್ಟೆ ಒಗೆದು ಹರವಿದರು, ಚರ್ಚಿಗೆ ಹೋದರು. ಸಂಜೆ ಐದು ದಾಟುತ್ತಿದ್ದಂತೆ ಕೌಂಟಿಯ ಮುಖ್ಯ ಊರಾದ ಬೊಯ್ಸಿ ಸಿಟಿಯ ಮೇಲೆ ಉತ್ತರದಿಂದ ಕಪ್ಪು ಗೋಡೆಯೊಂದು ಉರುಳಿಬಂತು. ಅದಕ್ಕೂ ಮುಂದಾಗಿ ಹಕ್ಕಿಗಳು ಹಾರಿಬಂದವು. ಚಾಚಿದ ಕೈ ಕಾಣದಷ್ಟು ಕತ್ತಲು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರ ರಾಬರ್ಟ್ ಗೈಗರ್ ಊರಿನ ಹೊರಗೆ ಕಾರಿನಲ್ಲಿ ಅದಕ್ಕೆ ಸಿಕ್ಕಿಬಿದ್ದರು. ಮರುದಿನದ ವರದಿಯಲ್ಲಿ ಅವರು ಬಳಸಿದ ‘ಡಸ್ಟ್ ಬೌಲ್’ (ಧೂಳಿನ ಬಟ್ಟಲು) ಎಂಬ ಹೆಸರೇ ಆ ಇಡೀ ಸೀಮೆಗೆ ನಿಂತಿತು.

ನನ್ನನ್ನು ಹೆಚ್ಚು ಕಾಡುವುದು ಆ ಕಪ್ಪು ಗೋಡೆಯಲ್ಲ, ಮನೆಯೊಳಗಿನ ಬದುಕು. ಹೆಂಗಸರು ಕಿಟಕಿಗಳಿಗೆ ಒದ್ದೆ ಹಾಸುಬಟ್ಟೆ ಕಟ್ಟುತ್ತಿದ್ದರು. ಊಟ ಬಡಿಸುವವರೆಗೂ ತಟ್ಟೆಗಳು ಬೋರಲಾಗಿಯೇ ಇರುತ್ತಿದ್ದವು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ತಲೆಯಿದ್ದಷ್ಟು ಜಾಗ ಮಾತ್ರ ಬೆಳ್ಳಗೆ. ಮಕ್ಕಳು ಧೂಳಿನ ನ್ಯುಮೋನಿಯಾದಿಂದ ಸತ್ತರು. ದನಗಳಿಗೆ ಮೇವಿಲ್ಲದೆ ರಷ್ಯನ್ ಥಿಸಲ್ ಎಂಬ ಮುಳ್ಳುಗಿಡಕ್ಕೆ ಉಪ್ಪು ಬೆರೆಸಿ ಹಾಕಿದರು. ಅದರ ಎಳೆಯ ಚಿಗುರನ್ನು ಮನುಷ್ಯರೂ ತಿಂದರು. ಇವರನ್ನು ನೆನೆದಾಗಲೇ ನನ್ನ ಅಡಿಬರಹದ ಕ್ರೌರ್ಯ ನನಗೆ ತಟ್ಟಿದ್ದು.

ಅದೇ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಬಿತ್ತು. ಅದಕ್ಕಾಗಿ ಹಟ ಹಿಡಿದು ದುಡಿದ ಮಣ್ಣುವಿಜ್ಞಾನಿ ಹ್ಯೂ ಬೆನೆಟ್, ಕೊಚ್ಚಿಹೋಗುವ ಮಣ್ಣಿಗೆ ಉಳುಮೆಯ ರೀತಿಯೂ ಕಾರಣ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದರು. ಇಳಿಜಾರಿಗೆ ಅಡ್ಡವಾಗಿ ಉಳುವುದು, ಒಡ್ಡು ಹಾಕುವುದು, ಕೆಟ್ಟ ಹೊಲವನ್ನು ಮತ್ತೆ ಹುಲ್ಲಿಗೆ ಬಿಡುವುದು ಆ ಕಾಯ್ದೆಯಿಂದ ಹುಟ್ಟಿದ ಹೊಸ ಇಲಾಖೆಯ ಕೆಲಸವಾಯಿತು. ದೋಷವೆಲ್ಲ ಆಕಾಶದ್ದೇ ಆಗಿದ್ದರೆ ಈ ಉಪಾಯಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಅಲ್ಲಿಯವರೆಲ್ಲ ಗುಳೆ ಹೋದರು ಎಂದೂ ಬರೆದಿದ್ದೀರಿ. ಹಾಗಾಗಲಿಲ್ಲ. 1930ರಲ್ಲಿ ಕೌಂಟಿಯಲ್ಲಿ 5,400ರಷ್ಟು ಜನರಿದ್ದರು. 1940ರಲ್ಲಿ 3,600ಕ್ಕೂ ಹೆಚ್ಚು. ಮೂರರಲ್ಲಿ ಒಂದು ಪಾಲು ಕರಗಿತು ನಿಜ. ಉಳಿದವರು ಅದೇ ಹೊಲಗಳಲ್ಲಿ ಅಡ್ಡ ಸಾಲು ಹೊಡೆದು ಮಣ್ಣನ್ನು ತಡೆದು ನಿಲ್ಲಿಸಲು ಹೆಣಗಿದರು. ಈ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಮತ್ತೆ ಅಚ್ಚುಮಾಡಿದ್ದೇವೆ. ಅಡಿಬರಹದಲ್ಲಿ ಊರು ಮತ್ತು ವರ್ಷ ಮಾತ್ರ ಇವೆ.

— ಸಂಪಾದಕ